ಕಾಫಿಯ ಖಟ್ಲೆ

ಸೊಸೆ ತಾತನ ಮುಂದೆ ಕಾಫಿಯ ಬದಲು ಬಿಸಿನೀರಿನ ಲೋಟ ಕುಕ್ಕಿದಳು. ಪಕ್ಕದಲ್ಲೇ ಒಂದು ಸಂಶೋಧನಾ ಲೇಖನವನ್ನೂ ಇಟ್ಟಳು. "ಕಾಫಿ ಕುಡಿದ್ರೆ ಮರೆವು ಜಾಸ್ತಿ ಆಗುತ್ತಂತೆ ಮಾವ. ಇವತ್ತಿಂದ ಬಂದ್. ನಿಮ್ಮ ಮೊಮ್ಮಗಳೇ ತಂದುಕೊಟ್ಟಿದ್ದು."

ಮೊಮ್ಮಗಳು ಸಂಶೋಧನಾ ವಿದ್ಯಾರ್ಥಿನಿ. ಹೆಸರಾಂತ ಪತ್ರಿಕೆಯ ಲೇಖನವೆಂದು ಬೀಗುತ್ತ ನಿಂತಿದ್ದಳು. ತಾತ ವಕೀಲಿಕೆ ಮಾಡಿ ನಿವೃತ್ತರಾದವರು. ಕಾಫಿಯಿಲ್ಲದೆ ಅವರಿಗೆ ಬೆಳಗಾಗುವುದೇ ಇಲ್ಲ. ಲೇಖನದತ್ತ ನೋಡಿ ಕನ್ನಡಕ ಏರಿಸಿಕೊಂಡರು.

"ಸಾಕ್ಷಿಗಳು ಎಷ್ಟು ಜನ?"

ಅವಳು ಪುಟ ತಿರುವಿದಳು. "ಹದಿನಾಲ್ಕು... ಜನ ಅಲ್ಲ ತಾತ. ಇಲಿ."

"ಇಲಿ! ಎಷ್ಟು ಕಾಫಿ ಕುಡಿಸಿದ್ರಂತೆ?"

"ಮನುಷ್ಯರ ಲೆಕ್ಕದಲ್ಲಿ... ದಿನಕ್ಕೆ ನಲವತ್ತು ಲೋಟ."

"ಅಷ್ಟು ಕುಡಿದ್ರೆ ನನ್ನ ಹೆಸರು ನನಗೇ ಮರೆತುಹೋಗುತ್ತೆ! ಸರಿ, ಕಾಫಿ ಕುಡೀದೇ ಇರೋ ಇಲಿಗಳ ಕಥೆ ಏನು?"

ಕೊನೆಯ ಪುಟದ ಸಣ್ಣ ಅಕ್ಷರಗಳನ್ನು ಓದುತ್ತಿದ್ದಂತೆ ಅವಳ ಮುಖ ಕೆಂಪಾಯಿತು. "ಪರೀಕ್ಷೆಯಲ್ಲಿ ಅವೂ ತಿಂಡಿ ಇಟ್ಟ ದಾರಿ ಮರೆತವಂತೆ. ಪ್ರಯೋಗಾಲಯದ ಪಕ್ಕ ಗೋಡೆ ಕೊರೀತಿದ್ರಂತೆ. ಆ ಗಲಾಟೆಗೆ ಯಾವ ಇಲೀನೂ ನಿದ್ದೆ ಮಾಡಿಲ್ಲ."

ಸೊಸೆಗೆ ನಗು ತಡೆಯಲಾಗಲಿಲ್ಲ. "ಇದನ್ನೆಲ್ಲ ಮೊದಲೇ ನೋಡಲಿಲ್ವೇನೇ?"

"ಸಾರಾಂಶ ಮಾತ್ರ ಓದಿದ್ದೆ ಅಮ್ಮ."

"ಬರೀ ಚಾರ್ಜ್‌ಶೀಟ್ ಓದಿ ಗಲ್ಲಿಗೇರಿಸೋದಾ!" ತಾತ ಚಮಚದಿಂದ ಮೇಜು ಕುಟ್ಟಿದರು. "ಕಾಫಿ ನಿರ್ದೋಷಿ. ತಕ್ಷಣ ಬಿಡುಗಡೆ ಮಾಡಿ, ಸಕ್ಕರೆ ಸಮೇತ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಫಿ ಬಂತು. ಮೊದಲ ಗುಟುಕಿಗೇ ತಾತನಿಗೆ ಹೋದ ಜೀವ ಬಂದಂತಾಯಿತು. ಅಷ್ಟಕ್ಕೆ ಸುಮ್ಮನಿರಬಾರದೇ? ಗೆದ್ದ ಖುಷಿಯಲ್ಲಿ ಜೇಬಿನಿಂದ ಮಡಚಿಟ್ಟ ಇನ್ನೊಂದು ಲೇಖನ ತೆಗೆದು ಝಳಪಿಸಿದರು. "ಕಾಫಿ ಕುಡಿದ್ರೆ ನೆನಪು ಚುರುಕಾಗುತ್ತೆ. ಇಗೋ ಪುರಾವೆ! ಇನ್ಮೇಲೆ ದಿನಕ್ಕೆ ಮೂರು ಲೋಟ."

ಸೊಸೆ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು. "ಸಾಕ್ಷಿಗಳು ಎಷ್ಟು ಜನ ಮಾವ?"

ಅಷ್ಟರಲ್ಲಿ ಮೊಮ್ಮಗಳು ಅವರ ಕೈಯಿಂದ ಹಾಳೆಗಳನ್ನು ಎಳೆದುಕೊಂಡು ನೇರ ಕೊನೆಯ ಪುಟಕ್ಕೆ ಹೋಗಿದ್ದಳು. "ಒಂಬತ್ತೇ ಜನ ಅಮ್ಮ. ಖರ್ಚೆಲ್ಲ ಕಾಫಿಪುಡಿ ಕಂಪನಿಯದ್ದು!"

ತಾತ ಹಾಳೆಗಳನ್ನು ಕಸಿದು ಜೇಬಿಗೆ ತುರುಕಿಕೊಂಡರು. ಲೋಟವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದರು.

"ಇದಕ್ಕೆ ಸಾರಾಂಶ ಓದಿದ್ರೆ ಸಾಕಮ್ಮ."