ಮನೆಯವರದ್ದೇ ಸಾಕ್ಷಿ

ವಿಶಾಲ್ ಪೆನ್ನಿನ ಮುಚ್ಚಳ ತೆಗೆದು ಅಂಬುಜಾ ಚಿಕ್ಕಮ್ಮನ ಬೆರಳುಗಳ ನಡುವೆ ತುರುಕಿದ. ಅವಳು ಕನ್ನಡಕ ಹುಡುಕತೊಡಗಿದಳು. ಅದು ತಲೆಯ ಮೇಲೇ ಇತ್ತು.

ಇಂಥವಳ ಹೆಸರಿನಲ್ಲಿ ಲಂಡನ್ನಿನ ರೇನರ್ಸ್ ಲೇನಿನಲ್ಲೊಂದು ಫ್ಲ್ಯಾಟು. ಚಿಕ್ಕಪ್ಪ ತೀರಿಕೊಂಡ ಮೇಲೆ ಯಾವುದೋ ಆಫೀಸಿನ ನೆಲ ಒರೆಸಿ ಅದನ್ನು ಉಳಿಸಿಕೊಂಡಿದ್ದಳಂತೆ. ಯಾವ ಆಫೀಸು ಎಂದು ವಿಶಾಲ್ ಕೇಳಿರಲಿಲ್ಲ. ನೆಲ ಎಲ್ಲಿದ್ದರೂ ನೆಲವೇ.

ಕುಂದಾಪುರದಲ್ಲಿ ಬರೆದಿಟ್ಟ ಹಳೆಯ ವಿಲ್ಲಿನಲ್ಲಿ ಎಲ್ಲವೂ ಅವಳ ಅಕ್ಕನ ಮಗಳು ಗೌತಮಿಗೆ. ಆರು ವರ್ಷದಿಂದ ಗೌತಮಿ ಇದೇ ಫ್ಲ್ಯಾಟಿನಲ್ಲಿದ್ದಳು. ಚಿಕ್ಕಮ್ಮನನ್ನು ಜಿಪಿ ಡಾಕ್ಟರ ಹತ್ತಿರ ಕರೆದೊಯ್ಯುವುದು, ಕಾಲಿಗೆ ಎಣ್ಣೆ ತಿಕ್ಕುವುದು ಅವಳೇ. ಹೊಂಚು ಹಾಕುವುದೆಂದರೆ ಇದೇ ಎಂದು ವಿಶಾಲನ ತೀರ್ಮಾನ. ದೇಶ ಬದಲಾದ ಮೇಲೆ ವಿಲ್ಲೂ ಬದಲಾಗಬೇಕೆಂದು ಎಂಟು ಭಾನುವಾರ ತಲೆ ತಿಂದು, ಇಂಟರ್‌ನೆಟ್ಟಿನಿಂದ ಫಾರಮು ಇಳಿಸಿ, ಫ್ಲ್ಯಾಟನ್ನು ತನ್ನ ಹೆಸರಿಗೆ ಬರೆಸಿದ್ದ. ಗೌತಮಿ ಈಸ್ಟ್ ಹ್ಯಾಮಿನಲ್ಲಿ ಒಂದು ರೂಮು ನೋಡಿಕೊಳ್ಳಲಿ.

ಚಿಕ್ಕಮ್ಮ ತಾನಾಗಿ ಸೇರಿಸಿದ್ದು ಒಂದೇ ಸಾಲು: ಉಳಿದದ್ದೆಲ್ಲ ಗೌತಮಿಗೆ.

ಉಳಿಯುವುದು ಇಡ್ಲಿ ಪಾತ್ರೆಯೊಂದೇ ಎಂದು ವಿಶಾಲನ ಹೆಂಡತಿ ವಿಜೇತಾ ನಕ್ಕಿದ್ದಳು.

"ಸಾಕ್ಷಿಗೆ ಪಕ್ಕದ ಮನೆಯ ಶೋಭಾ ಮತ್ತು ಇಂದು ಇಬ್ಬರೂ ಬರ್ತಾರೆ. ಕರೆಯಲಾ?" ಚಿಕ್ಕಮ್ಮ ಕೇಳಿದಳು.

"ಹೊರಗಿನವರು ಯಾಕೆ? ಅಜ್ಜನ ವಿಲ್ಲಿಗೆ ಅಪ್ಪನೇ ಸಾಕ್ಷಿ ಹಾಕಿದ್ದು. ತೋಟವೂ ಅಪ್ಪನಿಗೇ ಬಂತು."

"ಅದು ಊರು ಮಗಾ. ಫಾರಮಿನ ಜೊತೆ ಸೂಚನೆ ಇರ್ತದಲ್ಲ, ಓದಿದ್ದೀಯಾ?"

"ಅದೆಲ್ಲ ದಡ್ಡರಿಗೆ." ಆ ಪುಟಗಳನ್ನು ಅವನು ಪ್ರಿಂಟೇ ತೆಗೆದಿರಲಿಲ್ಲ.

"ಆಯ್ತು, ನೀವೇ ಹಾಕಿ. ನಾನು ಕೇಳಲಿಲ್ಲ ಅಂತ ಆಮೇಲೆ ಹೇಳಬೇಡ."

ಚಿಕ್ಕಮ್ಮ ಸಹಿ ಮಾಡಿದಳು. ಅದರ ಕೆಳಗೆ ವಿಶಾಲ್ ಗೆರೆ ಎಳೆದು ದೊಡ್ಡದಾಗಿ ತನ್ನದು ಹಾಕಿದ, ಅದರ ಕೆಳಗೆ ವಿಜೇತಾ. ಕಾಗದವನ್ನು ಗುರುತಿನ ವಕೀಲರ ಹತ್ತಿರ ಇಡುತ್ತೇನೆಂದು ಹೇಳಿ ಚಿಕ್ಕಮ್ಮ ಅವರ ಕೈಗೆ ಚಕ್ಕುಲಿ ಕಟ್ಟಿಕೊಟ್ಟಳು. ಈ ಅಜ್ಜಿಗೂ ವಕೀಲರ ಗುರುತು ಎಂದು ಗಂಡಹೆಂಡತಿ ಲಿಫ್ಟಿನಲ್ಲಿ ಮನಸಾರೆ ನಕ್ಕರು.

ಮಾರ್ಚಿನಲ್ಲಿ ಚಿಕ್ಕಮ್ಮ ತೀರಿಕೊಂಡಳು. ಹದಿಮೂರು ದಿನ ಮುಗಿದ ಮಾರನೆಯ ಬೆಳಿಗ್ಗೆಯೇ ವಿಶಾಲ್, ಗೌತಮಿಯ ಕೈಯಿಂದ ಇಸಿದುಕೊಂಡ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ವಕೀಲೆಯ ಮುಂದೆ ಕುಳಿತ. ಪಕ್ಕದಲ್ಲಿ ಗೌತಮಿ ತಲೆತಗ್ಗಿಸಿದ್ದಳು.

ಈ ಸಾಕ್ಷಿ ಸಹಿ ನಿಮ್ಮದೇ, ಕೆಳಗಿನದು ನಿಮ್ಮ ಹೆಂಡತಿಯದೇ ಎಂದು ವಕೀಲೆ ಕೇಳಿದಳು. ವಿಶಾಲ್ ಹೆಮ್ಮೆಯಿಂದ ಹೌದೆಂದ. ಈ ದೇಶದಲ್ಲಿ ವಿಲ್ಲಿಗೆ ಸಾಕ್ಷಿ ಹಾಕಿದವರಿಗೂ ಅವರ ಗಂಡನಿಗೋ ಹೆಂಡತಿಗೋ ಆ ವಿಲ್ಲಿನಿಂದ ಏನೂ ಬರುವುದಿಲ್ಲ, ಫ್ಲ್ಯಾಟು ಈಗ "ಉಳಿದದ್ದೆಲ್ಲ" ಎಂಬುದರಲ್ಲಿ ಸೇರುತ್ತದೆ ಎಂದು ಆಕೆ ತಣ್ಣಗೆ ವಿವರಿಸಿದಳು.

ಬೀಗದ ಕೈ ತಿರುಗುವುದು ನಿಂತಿತು. "ಚಿಕ್ಕಮ್ಮನಿಗೆ ಇದೆಲ್ಲ ಏನು ಗೊತ್ತು? ನೆಲ ಒರೆಸುತ್ತಿದ್ದವಳು."

"ಹೌದು, ಹದಿನೆಂಟು ವರ್ಷ, ಇದೇ ಆಫೀಸಿನ ನೆಲ," ಎಂದಳು ವಕೀಲೆ, "ಹೊಸದಾಗಿ ಸೇರಿದ ವಕೀಲರು ಸಾಕ್ಷಿಯ ವಿಷಯದಲ್ಲಿ ತಪ್ಪಿದರೆ ಮೊದಲು ಎಚ್ಚರಿಸುತ್ತಿದ್ದದ್ದೂ ಅವರೇ."