ಹೆಂಗಸರ ಮೆಟ್ಟಿಲು

ಕರ್ಕಾಟಕ ಮಾಸದ ಮಳೆ ಆ ಬೆಳಗ್ಗೆ ಬಿಡುವು ಕೊಟ್ಟಿತ್ತು. ದೇವಸ್ಥಾನದ ಕೊಳದ ಹೆಂಗಸರ ಮೆಟ್ಟಿಲ ಮೇಲೆ, ಹದಿನೆಂಟು ತುಂಬಿದ ಸುಧೀಶ ತಾಯಿ ತಂಗಮಣಿಯ ಬೆರಳು ಹಿಡಿದು ನಿಂತಿದ್ದ. ಅವನಿಗೆ ಆಟಿಸಂ. ತೂಕ ಕಡಿಮೆಯಾಗದಿದ್ದರೆ ಸಕ್ಕರೆ ಕಾಯಿಲೆ ಖಂಡಿತ ಎಂದಿದ್ದರು ವೈದ್ಯರು. ನಡೆಯಲು ಒಲ್ಲದವನು ಅಮ್ಮನ ಜೊತೆ ಈಜುತ್ತಿದ್ದ, ಅಷ್ಟೇ.

"ಮೀಸೆ ಬಂದವನನ್ನ ಇನ್ನೂ ಇಲ್ಲಿಗೆ ಕರ್ಕೊಂಡು ಬರ್ತೀಯಲ್ಲೇ?" ಮಾಧವಿಯಮ್ಮ ಒದ್ದೆ ಬಟ್ಟೆಯನ್ನು ಎದೆಗೆಳೆದುಕೊಂಡರು.

"ಅವನಿಗೆ ಅದೆಲ್ಲ ತಿಳಿಯಲ್ಲ, ಚೇಚಿ," ಎಂದಳು ತಂಗಮಣಿ, ಅಕ್ಕನಿಗೆ ಹೇಳುವಂತೆ.

"ನಮಗೆ ತಿಳಿಯುತ್ತಲ್ಲ. ಗಂಡಸರ ಕಡೆ ಕಳಿಸು."

"ಅಲ್ಲಿಗೆ ನಾನು ಹೋಗೋ ಹಾಗಿಲ್ಲ. ನಾನಿಲ್ದೆ ಅವನು ನೀರು ಮುಟ್ಟಲ್ಲ."

ದೇವರ ನೀರು ಎಲ್ಲರಿಗೂ ಒಂದೇ; ಮೆಟ್ಟಿಲು ಮಾತ್ರ ಎರಡು. ಮಾಧವಿಯಮ್ಮ ಮುಖ ತಿರುಗಿಸಿ ಬಟ್ಟೆಯ ಅಂಚು ಹಿಂಡತೊಡಗಿದರು.

ತಂಗಮಣಿ ಮಗ ನೀರಲ್ಲಿ ತೇಲಲೆಂದು ಅವನ ಬೆನ್ನಿಗೆ ಕಟ್ಟಿದ್ದ ಜೋಡಿ ಒಣ ತೆಂಗಿನಕಾಯಿ ಬಿಚ್ಚಿದಳು. ಅವನಿಗೆ ಈಜು ಕಲಿಸಲೆಂದು ಮಾಧವಿಯಮ್ಮನಿಂದಲೇ ಎರವಲು ತಂದದ್ದು. ಸೆರಗಿನಿಂದ ಒರೆಸಿ ಅವರ ಕೈಗಿಟ್ಟು, ಮಗನೊಂದಿಗೆ ಮೆಟ್ಟಿಲು ಹತ್ತಿದಳು.