ಹೊಟ್ಟೆಗೊಂದು ಕಾಲರ್

ಮನುಷ್ಯನ ಹೊಟ್ಟೆಗೆ ಕಾಲರ್ ಇಡಬೇಕೋ ಬೇಡವೋ ಎಂಬುದು ಆ ದಿನ ಬೆಳಿಗ್ಗೆ ಹತ್ತೂವರೆಗೆ ಸರ್ಜನ್ನರ ಕೋಣೆಯಲ್ಲಿ ಇತ್ಯರ್ಥವಾಗಬೇಕಿದ್ದ ಘನವಾದ ವಿಷಯ. ಸರ್ಜನ್ನರು ಕಾಗದದ ಮೇಲೆ ಒಂದು ಚೀಲ ಬರೆದು, ಅದರ ಬಾಯಿಗೊಂದು ಕೊಳವೆ ಸಿಕ್ಕಿಸಿದರು. ಚೀಲದ ಬಾಯಿ ಸಡಿಲವಾಗಿದೆ, ಎಂಟು ವರ್ಷದಿಂದ ಹುಳಿ ಮೇಲೇರಿ ಎದೆ ಉರಿಯುತ್ತಿರುವುದು ಅದಕ್ಕೇ. ಚೀಲದ ಮೇಲಂಚನ್ನು ಕೊಳವೆಯ ಸುತ್ತ ತಂದು ನಾಲ್ಕು ಹೊಲಿಗೆ ಹಾಕಿದರೆ, ಅಂಗಿಗೆ ಕಾಲರ್ ಇಟ್ಟ ಹಾಗೆ ಬಿಗಿಯಾಗಿ ಕೂರುತ್ತದೆ ಎಂದರು. ಎದುರಿಗೆ ಕೂತವರು ಮೂವತ್ತು ವರ್ಷದಿಂದ ಕಾಲರ್ ಇಡುತ್ತಿರುವ ಟೈಲರ್ ಎಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬೇರೆ ಹೋಲಿಕೆ ಹುಡುಕುತ್ತಿದ್ದರೇನೋ.

"ಟ್ರಯಲ್ ಯಾವಾಗ?" ಎಂದರು ಟೈಲರ್.

"ಯಾವ ಟ್ರಯಲ್?"

"ಕಚ್ಚಾ ಹೊಲಿಗೆ ಹಾಕಿ ಒಂದ್ಸಲ ನೋಡಲ್ವಾ?"

"ಇದ್ರಲ್ಲಿ ಹಾಗೆಲ್ಲ ಇರಲ್ಲ ಇವ್ರೇ. ಹೊಲಿದ್ರೆ ಹೊಲಿದ ಹಾಗೆ."

"ಬಿಗಿ ಆದ್ರೆ ಬಿಚ್ಚಿ ಸಡಿಲ ಮಾಡೋಕೆ ಒಳಗೆ ಸ್ವಲ್ಪ ಬಿಟ್ಟಿರ್ತೀರಾ?"

ಸರ್ಜನ್ನರು ಪಕ್ಕದಲ್ಲಿ ಕೂತಿದ್ದ ಟೈಲರ ಹೆಂಡತಿಯ ಕಡೆ ನೋಡಿದರು. ಆಕೆ ಫ್ಯಾನಿನ ಕಡೆ ನೋಡಿದಳು.

"ಇದುವರೆಗೆ ಇಂಥವು ಎಷ್ಟು ಹೊಲಿದಿದೀರಿ?"

"ಮುನ್ನೂರರ ಹತ್ತಿರ."

"ಆಲ್ಟರೇಷನ್‌ಗೆ ಅಂತ ವಾಪಸ್ ಬಂದಿದ್ದು?"

ಸರ್ಜನ್ನರು ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಹೇಳುವ ಜಾತಿಯವರಲ್ಲ. "ನೂರಕ್ಕೆ ಐದಾರು."

ಟೈಲರಿಗೆ ಅವರ ಮೇಲೆ ಮೊದಲ ಬಾರಿಗೆ ಗೌರವ ಹುಟ್ಟಿತು. "ನಮ್ಮಂಗಡೀಲಿ ನೂರಕ್ಕೆ ಮೂವತ್ತು, ಡಾಕ್ಟ್ರೇ," ಎಂದು ಹೆಂಡತಿ ತನ್ನ ಪಾಲಿನ ಸತ್ಯವನ್ನೂ ಸೇರಿಸಿದಳು.

"ಮಾತ್ರೆ ಕೆಲಸ ಮಾಡ್ತಿದೆ. ಅದನ್ನೇ ಮುಂದುವರಿಸಿದ್ರೂ ನಡಿಯುತ್ತೆ," ಎಂದರು ಸರ್ಜನ್ನರು. "ನಿಮಗೇ ಯಾಕೆ ಆಪರೇಷನ್ ಬೇಕು ಅನ್ನಿಸ್ತಿದೆ?"

"ಬಗ್ಗೋಕಾಗ್ತಿಲ್ಲ ಡಾಕ್ಟ್ರೇ. ಬಗ್ಗಿದ್ರೆ ಬೆಂಕಿ ಗಂಟಲಿಗೆ ಬರುತ್ತೆ."

ಮಾತು ಚಿಕ್ಕದು, ಸಂಕಟ ದೊಡ್ಡದು. ಅವರ ಕಸುಬಿನಲ್ಲಿ ಮೇಜಿನ ಮೇಲೆ ಬಗ್ಗಿ ಬಟ್ಟೆ ಕತ್ತರಿಸುವವನು ಮಾಸ್ಟರು, ಮಿಷನ್ ತುಳಿಯುವವನು ಬರೀ ಟೈಲರು; ಈ ಕಾನೂನಿಗೆ ಎಲ್ಲೂ ತಿದ್ದುಪಡಿ ಇಲ್ಲ. ಬಗ್ಗಲಾರದೆ ಅವರು ಮಿಷನ್ನಿಗೆ ಕೂತು ಎರಡು ತಿಂಗಳಾಗಿತ್ತು. ಕತ್ತರಿ ಈಗ ಭಾವಮೈದನ ಕೈಯಲ್ಲಿತ್ತು. ಮನೆಯವರೆಲ್ಲ ಅವನನ್ನು ಪುಟ್ಟ ಎನ್ನುತ್ತಿದ್ದರು. ನಲವತ್ತಾದರೂ ಆ ಹೆಸರು ಬಿಗಿಯಾಗದಷ್ಟೇ ಎತ್ತರ ಅವನು ಬೆಳೆದಿದ್ದ.

"ಇದು ಹುಳಿ ಅಲ್ಲ ಡಾಕ್ಟ್ರೇ, ಹೊಟ್ಟೆಕಿಚ್ಚು," ಎಂದಳು ಹೆಂಡತಿ. "ನನ್ ತಮ್ಮ ಕತ್ತರಿ ಹಿಡಿದಾಗಿಂದ ಜಾಸ್ತಿ ಆಗಿದೆ."

"ಅದಕ್ಕೆ ನಮ್ಮಲ್ಲಿ ಆಪರೇಷನ್ ಇಲ್ಲಮ್ಮ," ಎಂದ ಸರ್ಜನ್ನರು ಚೀಟಿ ಬರೆದರು. "ಯೋಚಿಸಿ ಶನಿವಾರ ಫೋನ್ ಮಾಡಿ. ಅಲ್ಲೀವರೆಗೆ ಉಂಡ ತಕ್ಷಣ ಮಲಗಬೇಡಿ. ಬಗ್ಗಬೇಡಿ."

ಅಂಗಡಿಗೆ ಬಂದರೆ ಪುಟ್ಟ ಕೊರಳಿಗೆ ಟೇಪು ನೇತುಹಾಕಿಕೊಂಡು, ಯಾರದೋ ಕೋಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀರು ಎಳೆಯುತ್ತಿದ್ದ. ಅಷ್ಟರಲ್ಲಿ ಹಳೇ ಗಿರಾಕಿಯೊಬ್ಬರು ಬಾಗಿಲಲ್ಲಿ ನಿಂತು, "ಮಾಸ್ಟ್ರೇ," ಎಂದರು.

"ಹೇಳಿ," ಎಂದು ಇಬ್ಬರೂ ತಿರುಗಿದರು.

"ನಿಮ್ಮನ್ನಲ್ಲ, ಆ ಮಾಸ್ಟ್ರನ್ನ."

ಈ ಸಲ ಬಗ್ಗದೆಯೇ ಬೆಂಕಿ ಗಂಟಲಿಗೆ ಬಂತು. ಶನಿವಾರದವರೆಗೆ ಕಾಯುವ ತಾಳ್ಮೆ ಇನ್ನು ಯಾರಿಗಿದೆ? ಟೈಲರು ಅಲ್ಲೇ ಆಸ್ಪತ್ರೆಗೆ ಫೋನ್ ಹಚ್ಚಿದರು. ಆ ಕಡೆಯ ಹೆಂಗಸು ಒಂದು ನಿಮಿಷ ಎಂದು ಹೇಳಿ ಸಂಗೀತ ಹಾಕಿ ಹೋದಳು. ಸಂಗೀತ ಕೇಳುತ್ತ ಅವರು ಪುಟ್ಟನನ್ನೇ ನೋಡಿದರು. ಎಲಾ ಇವನ! ಅವನು ಬಗ್ಗಿಯೇ ಇರಲಿಲ್ಲ. ನೆಟ್ಟಗೆ ನಿಂತು, ಮೊಣಕೈ ಕೂಡ ಎತ್ತದೆ ಕತ್ತರಿಸುತ್ತಿದ್ದ. ಮೇಜು ಅವನ ಅಳತೆಗೇ ಮಾಡಿಸಿದ ಹಾಗಿತ್ತು. ಮೂವತ್ತು ವರ್ಷ ಊರವರ ಅಳತೆಯನ್ನೆಲ್ಲ ತೆಗೆದವರು ಮೇಜಿನದನ್ನು ತೆಗೆದಿರಲಿಲ್ಲ. ಇನ್ನೊಂದು ಟೇಪು ತೆಗೆದು ನೆಲದಿಂದ ತಮ್ಮ ಮೊಣಕೈವರೆಗೆ ಅಳೆದರು, ಆಮೇಲೆ ನೆಲದಿಂದ ಮೇಜಿನವರೆಗೆ. ಒಂಬತ್ತು ಇಂಚು ಕಮ್ಮಿ.

"ಹಲೋ, ಆಪರೇಷನ್‌ಗೆ ದಿನ ಗೊತ್ತುಮಾಡಬೇಕಾ?" ಎಂದಳು ಆ ಹೆಂಗಸು.

"ಬೇಡಮ್ಮ. ಅಳತೆ ತಪ್ಪಿತ್ತು," ಎಂದು ಟೈಲರು ಫೋನಿಟ್ಟರು.

ಮರುದಿನ ಪುಟ್ಟ ಬರುವ ಹೊತ್ತಿಗೆ ಮೇಜಿನ ನಾಲ್ಕೂ ಕಾಲಿನ ಕೆಳಗೆ ಮೂರು ಮೂರು ಇಟ್ಟಿಗೆ ಕೂತಿದ್ದವು. ಹಲಗೆ ಅವನ ಎದೆಗೆ ಬರುತ್ತಿತ್ತು. ಭಾವ ನೆಟ್ಟಗೆ ನಿಂತು ಕೋಟಿನ ತೋಳು ಕತ್ತರಿಸುತ್ತಿದ್ದರು.

"ಏನ್ ಭಾವ ಇದು?"

"ಡಾಕ್ಟ್ರು ಹೇಳಿದ್ದು ಕಣೋ. ಬಗ್ಗಬಾರದಂತೆ."

"ಮತ್ತೆ ನಾನು ಹೇಗೆ ಕತ್ತರಿಸ್ಲಿ?"

"ನಿಂಗೆ ನಿನ್ ಡಾಕ್ಟ್ರು ಏನ್ ಹೇಳಿದಾರೋ ನಂಗೇನಪ್ಪ ಗೊತ್ತು?"

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ದಾರವನ್ನು ಹಲ್ಲಲ್ಲಿ ಕಡಿದಳು. "ಹೊಟ್ಟೆ ಬಿಟ್ಟು ಮೇಜಿಗೇ ಆಪರೇಷನ್ ಮಾಡಿಸಿದ್ರು ನೋಡು," ಎಂದಳು, ಯಾರ ಪರವನ್ನೂ ವಹಿಸದೆ.

ಹುಳಿತೇಗು ಈಗಲೂ ಬರುತ್ತದೆ, ಮಾತ್ರೆ ನಡೆದಿದೆ. ಆಪರೇಷನ್ ಬೇಡವಾಯಿತು. ಮುಂದಿನ ಸೋಮವಾರ ಪುಟ್ಟ ಮೂರಿಂಚು ಹಿಮ್ಮಡಿಯ ಬೂಟು ಹಾಕಿಕೊಂಡು ಕೆಲಸಕ್ಕೆ ಬಂದ.